ಗಂಗಮ್ಮ ಮೂರು

ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಎಂಟಕ್ಕೆ ಬಡಿಯುವ ಗಂಟೆ ಯುದ್ಧದ ಹಡಗಿನದೆಂದು
ಹೇಳಿದವನು ವಾಚ್‌ಮನ್ ಇದಿನಬ್ಬ.
ಚಿಕ್ಕಮಗಳೂರಿಗೆ ಹಡಗೇ? ಘಾಟಿ ಹತ್ತಿ ಬಂತೇ?
ನಕ್ಕೆವು ನಲವತ್ತು ಹೆಂಗಸರು, ಮೊರದ ತುಂಬ ಬೀಜ.

ಮರುದಿನ ಹುಣಸೆಹಣ್ಣು ತಂದು ತಿಕ್ಕಿದ.
ಕಿಲುಬಿನಡಿಯಿಂದ ಅಕ್ಷರಗಳೆದ್ದವು
ಒಂದರ ಮೇಲೊಂದು, ಅರ ಹಾಕಿದರೂ ಸಾಯದವು.
ಮೊದಲನೆಯದು ಬಿಳಿಯರ ಊರಿನ ಒಂದು ಹೊಳೆ.
"ನಿನ್ನ ಹಾಗೇ ಗಂಗಮ್ಮ, ಹೊಳೆ ಹೆಸರಿನವಳು."
ಆ ಹೆಸರಲ್ಲಿ ಎರಡು ಚಳಿಗಾಲ
ನೀರಡಿಯ ಶತ್ರುವಿಗೆ ಕಿವಿಗೊಟ್ಟು ಅಲೆದಳಂತೆ.
ಆಮೇಲೆ ದೇಶ ಕಳಕೊಂಡವರಿಗೆ ಕಡ ಕೊಟ್ಟರು;
ಅವರು ತಮ್ಮ ಸಂತನ ಹೆಸರು ಕೆತ್ತಿ
ಬ್ರೆಡ್ಡಿಗೊಂದು ಒಲೆ ಕಟ್ಟಿಸಿದರು.
ಬೊಂಬಾಯಿಗೆ ಬಂದಾಗ ಕತ್ತಿಯ ಹೆಸರು.
ಇದಿನಬ್ಬ ಹತ್ತಿದ್ದು ಆಗ, ಬಾಯ್ಲರಿನ ಬಾಯಿಗೆ,
ಹತ್ತೊಂಬತ್ತರ ಹುಡುಗ.
ಅದೇ ಒಲೆಯಲ್ಲಿ ಅವನೂ ಝೇಲಂ ಕಡೆಯ ಫಜಲ್ ಕರೀಮನೂ
ರೊಟ್ಟಿ ಸುಟ್ಟು ತಿಂದರು, ಉಪ್ಪು ಸಾಕಷ್ಟಿತ್ತು ಸುತ್ತ.

ಆಮೇಲೆ ಪಾಲು.
ಚಮಚ ಇಷ್ಟು, ಕಂಬಳಿ ಇಷ್ಟು, ಗುಂಡು ಇಷ್ಟು,
ಜನ ಇಷ್ಟು.
"ನೀನು ಯಾವ ಕಡೆ?" ಅಂದ ಸಾಹೇಬ.
"ಚಿಕ್ಕಮಗಳೂರು ಸಾರ್."
ಪಟ್ಟಿಯಲ್ಲಿ ಆ ಮನೆ ಇರಲಿಲ್ಲ.
ಫಜಲ್ ಕರೀಮ ಸೋಪಿನ ಡಬ್ಬಿ ಮರೆತು ಇಳಿದ.

ಇದನ್ನು ಹೇಳುವಾಗ ನಮ್ಮ ಕೈ ನಿಂತಿರಲಿಲ್ಲ.
ಕಪ್ಪು ಬೇರೆ, ಒಡಕು ಬೇರೆ, ಹುಳ ತಿಂದದ್ದು ಬೇರೆ.
ಎರಡಿರಬೇಕಾದ ಹಣ್ಣಲ್ಲಿ ಒಂದೇ ಬೆಳೆದ
ಪೀಬೆರಿಯೂ ಬೇರೆ, ಅದಕ್ಕೆ ಬೆಲೆ ಜಾಸ್ತಿ.
ಇದಿನಬ್ಬ ಒಂದನ್ನು ಹೆಬ್ಬೆರಳಲ್ಲಿ ಉರುಳಿಸಿ
ಜೇಬಿಗೆ ಹಾಕಿಕೊಂಡ. ರೈಟರು ನೋಡಲಿಲ್ಲ.

ನಾಲ್ಕನೆಯ ಬಾವುಟದಡಿ ಫಿರಂಗಿ ಕಿತ್ತು
ಸಮುದ್ರದ ಆಳ ಅಳೆಯಲು ಹಚ್ಚಿದರಂತೆ,
ಮುದುಕಿಗೆ ಮಗು ನೋಡಿಕೊಳ್ಳಲು ಬಿಟ್ಟ ಹಾಗೆ.
ಕೊನೆಗೆ ದಾರೂಖಾನೆಯ ಕೆಸರಲ್ಲಿ ತೂಕದ ಲೆಕ್ಕ.
ನಮ್ಮ ಮ್ಯಾನೇಜರು ಹಳೇ ಸರಪಳಿ ಕೊಳ್ಳಲು ಹೋಗಿ
ಗಂಟೆಯನ್ನೂ ತಂದರು.
ಇದಿನಬ್ಬ ಅದನ್ನು ಗೇಟಿನಲ್ಲಿ ಕಂಡ ದಿನ
ಊಟದ ಬುತ್ತಿ ಬಿಚ್ಚಲಿಲ್ಲ, ಅಷ್ಟೇ ಗೊತ್ತು.

ಹಾಜರಿಯಲ್ಲಿ ಮೂವರು ಗಂಗಮ್ಮಂದಿರಿದ್ದೆವು.
ರೈಟರು ನನ್ನನ್ನು 'ಗಂಗಮ್ಮ ಮೂರು' ಎಂದು ಬರೆದ.
ಬರಬರುತ್ತ ಬರೀ 'ಮೂರು'. ಅದಕ್ಕೂ ಓ ಎಂದೆ,
ಮೂವತ್ತೊಂದು ವರ್ಷ.

ಈಗ ಸೈರನ್ನು. ಇದಿನಬ್ಬನಿಲ್ಲ.
ಗಂಟೆ ಸ್ಟೋರಿನ ಗೋಣಿಗಳ ಹಿಂದೆ,
ಪುಸ್ತಕದಲ್ಲಿ: ಹಿತ್ತಾಳೆ, ಹಳೆಯದು, ಒಂದು.
ಮಂಗಳೂರು ಬಂದರಿಗೆ ಮೂಟೆ ಎತ್ತುವಾಗ
ಯಾರದಾದರೂ ಮೊಣಕೈ ತಾಕಿದರೆ
ಮೂವರು ಗಂಗಮ್ಮಂದಿರೂ ಒಟ್ಟಿಗೆ ತಿರುಗುತ್ತೇವೆ.