ಅರೆಬೆಂದದ್ದು

ರಾಸ್ ಅಲ್ ಖೈಮಾದಲ್ಲಿ ಬೆಳಗಿನ ಐದಕ್ಕೇ ಮೂವತ್ತೇಳು ಡಿಗ್ರಿ.
ಹಿಂದೆ ಬೋಳು ಗುಡ್ಡ, ಮುಂದೆ ಬೆವರುವ ಕಡಲು,
ನಡುವೆ ನಮ್ಮ ಸಿಮೆಂಟಿನ ಭಟ್ಟಿ,
ಮಲಗಿದಲ್ಲೇ ಹೊರಳುವ ಅರವತ್ತು ಮೀಟರ್ ಬೆಂಕಿ.
ಹತ್ತೊಂಬತ್ತು ವರ್ಷ ನೀಲಿ ಗಾಜು ಹಿಡಿದು
ಅದರ ಗಂಟಲೊಳಗೆ ಇಣುಕಿದವನು ನಾನು.

ಬೆಂದ ಕಲ್ಲು ಯಾರದೋ ಮೂವತ್ತನೇ ಅಂತಸ್ತಾಯಿತು.
ಉಳಿದ ಕಾವು, ಮುನ್ನೂರ ನಲವತ್ತು ಡಿಗ್ರಿ,
ಚಿಮಣಿ ಹತ್ತಿ ಹೋಗುತ್ತಿತ್ತು
ಯಾರೂ ಎದ್ದು ಬೀಳ್ಕೊಡದ ನೆಂಟನ ಹಾಗೆ.

ಆಮೇಲೆ ಮೈಥಾ ಬಂದಳು, ಇದೇ ಗುಡ್ಡದವರ ಮೊಮ್ಮಗಳು,
ಕಪ್ಪು ಶೇಲಾದ ಮೇಲೆ ಹಳದಿ ಹೆಲ್ಮೆಟ್ಟು.
ನಕಾಶೆ ಬಿಚ್ಚಿ, ಚಿಮಣಿಯ ಕುತ್ತಿಗೆಗೆ ಬೆರಳಿಟ್ಟು ಕೇಳಿದಳು:
ಇಲ್ಲಿ ಎಷ್ಟು ಹೋಗ್ತಿದೆ ಗೊತ್ತಾ, ಸಾಯಬಣ್ಣ?

ಗೊತ್ತಿತ್ತು.
ವಾಡಿ ಜಂಕ್ಷನ್ನಿನಲ್ಲಿ ಎಂಜಿನ್ನು ಬೂದಿ ಕೆಡವಿ ಹೋದ ಮೇಲೆ
ಚಿಗವ್ವ ಲಾಲಮ್ಮ ಹಳಿಯ ಬದಿಗೆ ಕೂರುತ್ತಿದ್ದಳು,
ಒಂದೊಂದೇ ಇದ್ದಲು ಎತ್ತಿ, ಊದಿ,
ಬೆರಳಿಂದ ತಟ್ಟಿ ಸದ್ದು ಕೇಳಿ
‘ಇದ್ರಾಗ ಇನ್ನಾ ಜೀವ ಅದ.’
‘ಇದು ಸತ್ತದ.’
ಪೊಲೀಸಪ್ಪ ಬುಟ್ಟಿ ಒದ್ದ ದಿನ ಉಡಿಯಲ್ಲಿ ತಂದಳು;
ಸೀರೆಗೆ ಏಳು ತೂತು, ರಾತ್ರಿಗೆ ಬಿಸಿ ರೊಟ್ಟಿ.
ಅದಕ್ಕೆ ಕಳವು ಅಂದರು.
ಇದಕ್ಕೆ ಪ್ರಾಜೆಕ್ಟು ಅನ್ನುತ್ತಾರೆ, ರಿಬ್ಬನ್ನು ಕಟ್ಟುತ್ತಾರೆ.

ಕಟ್ಟಿದರು. ಹೊಗೆಯ ದಾರಿಗೆ ಬಾಯ್ಲರು ಅಡ್ಡ ನಿಂತಿತು,
ನೀರು ಹಬೆಯಾಗಿ ಟರ್ಬೈನಿನ ಬೆನ್ನು ತಟ್ಟಿತು.
ಭಟ್ಟಿ ತನ್ನ ಉಸಿರಿನಿಂದಲೇ ತನ್ನನ್ನು ಹೊರಳಿಸಿಕೊಂಡಿತು,
ಪೂರ್ತಿ ಅಲ್ಲ, ಮೂರರಲ್ಲಿ ಒಂದು ಪಾಲು.
ಕೊನೆಯ ಚೂರು ಕಾವು ಪೈಪು ಹಿಡಿದು
ನಮ್ಮ ಕ್ಯಾಂಪಿಗೆ ಬಂತು, ತಂಪಾಗಿ.
‘ಬೆಂಕಿಯಿಂದ ತಂಪಾ?’
ವೆಲ್ಡರ್ ಸಬೀರ್ ಗುಲ್ ನಂಬಲಿಲ್ಲ;
ಪೈಪಿಗೆ ಕೆನ್ನೆ ಒತ್ತಿ ಸುಮಾರು ಹೊತ್ತು ನಿಂತ.
ಆಗಸ್ಟಿನಲ್ಲಿ ಮೊದಲ ಸಲ ಕಂಬಳಿ ಕೇಳಿದೆವು.

ಮೈಥಾಳ ಲೆಕ್ಕದ ಹಾಳೆಯಲ್ಲಿ ನಾವೂ ಇದ್ದೇವೆ:
ಕೋಣೆಗೆ ಎಂಟು ಮೈ, ಮೈಗೆ ನೂರು ವಾಟ್,
ಗೋಡೆ, ಬಲ್ಬು, ಕಿಟಕಿಯ ಬಿಸಿಲಿನ ಜೊತೆಗೆ,
ತಂಪು ಮಾಡಬೇಕಾದ ಹೊರೆಯ ಕಡೆಗೆ.
ತಪ್ಪೇನಿಲ್ಲ, ಲೆಕ್ಕ ಸರಿಯಾಗಿಯೇ ಇದೆ.

ರಾತ್ರಿಪಾಳಿ ಮುಗಿಸಿ ಬಂದೆ. ಚಿಮಣಿಯ ತುದಿಯಲ್ಲಿ
ಗಾಳಿ ಮೊದಲಿನಷ್ಟು ನಡುಗುತ್ತಿಲ್ಲ,
ನಕ್ಷತ್ರ ನೆಟ್ಟಗೆ ನಿಂತಿದೆ.
ಮಲಗುವ ಮುಂಚೆ ಎದೆಯ ಮೇಲೆ
ಬೆರಳಿಂದ ತಟ್ಟಿ
ಸದ್ದು ಕೇಳಿದೆ.