ಕಚ್ಚಾ ಹೊಲಿಗೆ

ಗುಂಡಿ ಬಿಚ್ಚು, ಅಂದೆ. ಬಿಚ್ಚಲಿಲ್ಲ.
ಕೌಲ್ ಬಜಾರಿನ ಜೀನ್ಸು, ಅವರವ್ವನೇ ಹೊಲಿದದ್ದು,
ಒಂದು ಕಾಲು ಗಿಡ್ಡವಾಗಿ ಅಂಗಡಿಯವರು ಒಲ್ಲೆ ಅಂದದ್ದು,
ಜೇಬಿನ ಮೂಲೆ ಮೂಲೆಗೆ ತಾಮ್ರದ ಬಣ್ಣದ ಮೊಳೆ.
"ಒಳಗಿರೋದು ಆಯಸ್ಕಾಂತವ್ವ,
ಪ್ಯಾಂಟಿನ ಸಮೇತ ನಿನ್ನ ನುಂಗಿಬಿಡ್ತದ."
ನಕ್ಕಳು. ಹಲ್ಲಿಗಿಂತ ಕಣ್ಣು ಹಳದಿ.

ಫೈಲಿನಲ್ಲಿ ಎಚ್. ತನುಜಾ, ಒಂಬತ್ತು ವರ್ಷ.
ಅವ್ವನ ಬಾಯಲ್ಲಿ ಹುಲ್ಗಿ.
ಕಾಮಣಿ ಎಂದು ಮೂರು ಸಲ ಮುಂಗೈಗೆ ಬರೆ ಎಳೆಸಿದ್ದಾರೆ,
ನಾಲ್ಕನೆಯ ಸಲ ನಡುಕದ ಜ್ವರದ ಜೊತೆ ಬಂತು.

ಅನಾನಸ್ ರಸ ಕುಡಿಸಿದೆ, ಎರಡು ಲೋಟ.
ಹುಳಿ, ಅಂದಳು. ಔಷಧವಲ್ಲ, ಅಂದೆ.
ಅದರೊಳಗೊಂದಿಷ್ಟು ಮ್ಯಾಂಗನೀಸ್ ಇರುತ್ತದೆ,
ಹೊಟ್ಟೆಯ ನೀರನ್ನು ಕಪ್ಪು ಮಾಡುತ್ತದೆ,
ಹಿಂದೆ ಅಡಗಿದ ನಾಳಗಳು ಆಗ ಬೆಳ್ಳಗೆ ಕಾಣುತ್ತವೆ.
ಸಂಡೂರಿನ ಗುಡ್ಡದಲ್ಲಿ ನನ್ನಪ್ಪ
ಇದೇ ಲೋಹವನ್ನು ಬುಟ್ಟಿಯಲ್ಲಿ ಹೊತ್ತ.
ಉಗುರುಸಂದಿಯ ಕಪ್ಪು ಸಾಯುವ ತನಕ ಹೋಗಲಿಲ್ಲ.
ಆ ಕಪ್ಪಿನಿಂದ ಏನಾದರೂ ಕಂಡೀತು ಎಂದು
ಅವನಿಗೆ ಯಾರೂ ಹೇಳಿರಲಿಲ್ಲ.

ಉಸಿರು ತಗೋ. ಬಿಡು. ತಗೋ. ಹಿಡಿ.

ಹದಿನೆಂಟು ಸೆಕೆಂಡು.
ಹೊರಗೆ ಏಪ್ರಿಲ್ಲು, ಬಂಡೆ ಗುಡ್ಡ ಕಾದು
ಊರಿನ ಮೇಲೆ ಮಗ್ಗುಲಾಗಿದೆ.

ಬಿಡು.
ಮತ್ತೆ.

ನಿಂತ ನೀರಷ್ಟೇ ಬೆಳಕು ಇಲ್ಲಿ. ಹರಿಯುವ ರಕ್ತ ಕತ್ತಲು.
ಈ ಯಂತ್ರಕ್ಕೆ ನಿಂತದ್ದೇ ಇಷ್ಟ.
ನೆಟ್ಟಗಿರುವ ಮಗುವಿನಲ್ಲಿ ಪಿತ್ತದ ದಾರಿ
ಮಾಘದ ಬೇವಿನ ಟೊಂಗೆ, ಎಲೆ ಉದುರಿದ್ದು.
ಇವಳಲ್ಲಿ ಟೊಂಗೆ ಟೊಂಗೆಗೂ ಬೇವಿನಕಾಯಿ,
ಉಬ್ಬಿ, ಒಂದನ್ನೊಂದು ತಾಗಿ,
ನಡುವೆ ಬೀಜದ ಹಾಗೆ ಒಂದೊಂದು ಕಪ್ಪು ಚುಕ್ಕೆ.
ಹದಿನಾಲ್ಕು ವರ್ಷದಲ್ಲಿ ಈ ಚುಕ್ಕೆಯನ್ನು
ನೋಡುತ್ತಿರುವುದು ಎರಡನೆಯ ಸಲ.

ಮೊದಲನೆಯ ಸಲ ಮೇಡಂ ಹಾಳೆಯ ಹಿಂದೆ ಬರೆದು ತೋರಿಸಿದ್ದರು:
ಚುಕ್ಕೆ ಅಂದರೆ ರಕ್ತನಾಳ.
ಗರ್ಭದಲ್ಲಿ ಪಿತ್ತನಾಳ ಮೊದಲು ಅದರ ಸುತ್ತ
ಅಂಗಿಯ ತೋಳಿನ ಹಾಗೆ ಸುತ್ತಿಕೊಳ್ಳುತ್ತದಂತೆ,
ಆಮೇಲೆ ಬೇಡದ್ದು ಬಿಚ್ಚಿಹೋಗಿ
ಸಣ್ಣ ಕೊಳವೆ ಉಳಿಯಬೇಕು.
ಕೆಲವರಲ್ಲಿ ಬಿಚ್ಚುವುದಿಲ್ಲ.
ಕಚ್ಚಾ ಹೊಲಿಗೆ ಹಾಗೇ ಉಳಿದ ಅಗಲ ತೋಳು,
ಒಳಗೆ ಬಡಕಲು ಕೈ.

ಹೊರಗೆ ಬೆಂಚಿನ ಮೇಲೆ ಕೂತ ಹೆಂಗಸಿಗೆ
ಹೀಗೆ ಹೇಳಿದರೆ ನನಗಿಂತ ಚೆನ್ನಾಗಿ ತಿಳಿಯುತ್ತದೆ.
ಹೇಳುವ ಹಾಗಿಲ್ಲ. ವರದಿ ಮೇಡಂದು, ನಾಳೆ ಹನ್ನೊಂದಕ್ಕೆ.
ನನ್ನದು ಚಿತ್ರ ಮಾತ್ರ.

"ಏನ್ ಕಾಣ್ತಣ್ಣ?"
"ಅಲ್ಲಾಡದಂಗ ಮಲಗಿದ್ಲವ್ವ. ದೊಡ್ಡವರೂ ಹಿಂಗ ಮಲಗಲ್ಲ."

ಮಡಚಿದ ಜೀನ್ಸು ತೊಡೆಯ ಮೇಲಿತ್ತು.
ಹೆಬ್ಬೆರಳಿಂದ ಹೊಲಿಗೆ ಸವರುತ್ತಿದ್ದಳು,
ಎಲ್ಲಿ ತಪ್ಪಿತೆಂದು ಹುಡುಕುವವಳಂತೆ.
"ಇಕಿ ಹೊಟ್ಯಾಗಿದ್ದಾಗ ವಾಷಿಂಗ್ ಯುನಿಟ್ಟಿನಾಗ ಇದ್ದೆ.
ಏಳು ತಿಂಗಳ ತನಕ ಬ್ಲೀಚಿನ ನೀರಾಗ ಕೈ.
ಅದಕ್ಕ ಆತೇನು?"

ಇದಕ್ಕೂ ಉತ್ತರಿಸಬೇಕಾದವರು ಮೇಡಂ.
ನನಗೆ ಅಧಿಕಾರವಿಲ್ಲ, ಪೂರ್ತಿ ಓದೂ ಇಲ್ಲ.
ಅಲ್ಲ, ಅಂದೆ.
ಅಲ್ಲವೇ ಅಲ್ಲ.

ಅವಳೇನೂ ಅನ್ನಲಿಲ್ಲ.
ಜೇಬಿನಂಚಿನ ಸಡಿಲ ಎಳೆಯೊಂದನ್ನು
ಹಲ್ಲಿನಿಂದ ಕಡಿದು ಉಗುಳಿ,
ಮಗಳ ಕಾಲಿಗೆ ಪ್ಯಾಂಟು ಏರಿಸಿದಳು.
ಗುಂಡಿಯನ್ನು ಹುಲ್ಗಿ ತಾನೇ ಹಾಕಿಕೊಂಡಳು.

ಮುಂದಿನದು ಯಾರದೋ ಮೊಣಕಾಲು.
ಡಬ್ಬಿಯ ತಳದಲ್ಲಿ ಅರ್ಧ ಲೋಟ ರಸ ಉಳಿದಿತ್ತು,
ನಾನೇ ಕುಡಿದೆ.
ಹೌದು, ಹುಳಿ.