ಏನೂ ಆಗಿಲ್ಲ

ಶಹಾಬಾದಿನ ಸರಕಾರಿ ದವಾಖಾನಿ,
ಬುಧವಾರ, ಹತ್ತೂವರಿ.
ಬೆಂಚಿನ ಮ್ಯಾಲ ಬಾಜೂಕಿನಾಕಿ ಕೇಳ್ತಾಳ:
‘ಏನಾಗ್ಯಾದ ನಿನಗ?’
ಏನೂ ಆಗಿಲ್ಲ, ಅಂದೆ.
‘ಮತ್ಯಾಕ ಬಂದಿ?’

ಆಕಿಗೆ ಜ್ವರ. ಆಕಿ ಮಗ್ಗಲಿನಾಕಿಗೆ ಒಂಬತ್ತು ತುಂಬ್ಯಾವ.
ಎಲ್ಲಾರ ಕೈಯಾಗೂ ಒಂದೊಂದು ನೋವು ಅದ,
ಚೀಟಿ ಇದ್ದಂಗ.
ನಾ ಬರಿಗೈಲೆ ಕುಂತೀನಿ,
ಕಳ್ಳಿಯಂಗ.

ನನ್ನ ಗಂಡ ಫರಸಿ ಹಾಸೂ ಕೆಲಸದಾವ.
ಹಾಸೂಕಿಂತ ಮೊದಲ ಒಂದೊಂದೂ
ಬೆರಳಗಂಟಿಲೆ ಬಡದು ಕೇಳ್ತಾನ:
ಖಣ್ ಅಂದ್ರ ಗಟ್ಟಿ,
ಧಪ್ ಅಂದ್ರ ಒಳಗ ಸೀಳು.
ಹಾಸಿದ ಮ್ಯಾಲ ಕೇಳಿ ಏನ್ ಮಾಡ್ತಿ, ಅಂತಾನ.
ಹೋದ ವರ್ಷ ಹುಣಸಿ ಹೂ ಬಿಡೂ ಮುಂದ
ನಂದು ಮೂರು ತಿಂಗಳಿಗೇ ಹೋತು.
ನನಗ ಯಾರೂ ಕಿವಿಗೊಟ್ಟಿರಲಿಲ್ಲ. ನಾನೂ.

ಸಬೀಹಾ ಸಿಸ್ಟರ್ ಬೆರಳು ಚುಚ್ಚಿದ್ರು.
ಒಂಬತ್ತು ಪಾಯಿಂಟ್ ಎರಡು.
‘ಇಷ್ಟು ರಕ್ತದಾಗ ಇಬ್ಬರಿಗೆ ಹ್ಯಾಂಗ ಅಡಗಿ ಮಾಡ್ತಿ?’
ತೋಳಿಗೆ ಪಟ್ಟಿ ಕಟ್ಟಿ ಬೀಪಿ, ಶುಗರಿಗೆ ಒಂದ್ಹನಿ,
ಆಮ್ಯಾಲ ಗೋಲಿ: ಸಣ್ಣ ಹಳದೀದು ದಿನಾ ಒಂದು,
ಈಗಿಂದಲೇ, ಹೊಟ್ಟಿ ನಿಲ್ಲೂಕಿಂತ ಮೊದಲೇ;
ಕಬ್ಬಿಣದ್ದು ಬ್ಯಾರೆ.
‘ಚಾ ಜೋಡಿ ಮಾತ್ರ ನುಂಗಬ್ಯಾಡವ್ವ, ಎಲ್ಲಾ ಚಾದ ಪಾಲು.’
ರಜಿಸ್ಟರಿನಾಗ ‘ತೊಂದರೆ’ ಅನ್ನೂ ಮನಿಯಾಗ
ಒಂದು ಅಡ್ಡಗೆರಿ ಎಳದ್ರು.

ತಕರಾರು ಇದ್ದದ್ದು ಮನಿಯಾಗ.
ಅತ್ತಿ ಭಾಗಮ್ಮ ಗೋಲಿ ಅಂಗೈಯಾಗ ಹಿಡದು
ಬೆಳಕಿಗೆ ತಿರುವಿ ತಿರುವಿ ನೋಡಿದಳು:
‘ಇವು ಮಕ್ಕಳಾಗದಂಗ ಮಾಡೂವು.
ನಾ ಐದು ಹಡದೀನಿ. ಒಂದ್ ಗೋಲಿ ನುಂಗಿಲ್ಲ.’
ಐದರಾಗ ಮೂರು ಉಳದಾವ ಅಂಬೂದು
ಆಕಿನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಮುಂದಿನ ಬುಧವಾರ ಪರೀಕ್ಷಾ ಮಾಡಾಕ ತಾನೇ ಬಂದಳು,
ನನ್ನಲ್ಲ, ಸಿಸ್ಟರನ್ನ.
ಅವರು ಕುರ್ಚಿ ಕೊಟ್ಟು, ವಯಸ್ಸು ಕೇಳಿ,
‘ಅಕ್ಕಾ, ನೀವು ಯಾವಾಗರ ತೋರಿಸಿಕೊಂಡೀರೇನು?’ ಅಂದ್ರು.
‘ಎಂಥಾದು? ನನಗೇನಾಗ್ಯಾದ?’
ಪರದೆ ಎಳದ್ರು. ಗರ್ಭದ ಬಾಯಿಗೆ
ಸಿರ್ಕಾದಂಥದ್ದು ಹಚ್ಚಿ ನೋಡೂದಂತ,
ಎರಡೇ ಮಿನಿಟು ಅಂದಿದ್ರು.
ಆಚಿ ಕುಂತು ನಾ ನೆಲದ ಫರಸಿ ಎಣಿಸಿದೆ.
ನಲವತ್ತೊಂದು.

ಅತ್ತಿಯ ಸಾಲಿನಾಗ ಅಡ್ಡಗೆರಿ ಇರಲಿಲ್ಲ.
‘ಕಲಬುರಗಿಗೆ ಹೋಗಿ ಇನ್ನೊಮ್ಮಿ ತೋರಸ್ರಿ.
ಹೆದರಬ್ಯಾಡ್ರಿ. ಹೊತ್ತಿಗೆ ಬಂದೀರಿ.’

ಆಟೋದಾಗ ಆಕಿ ಒಂದು ಮಾತಾಡಲಿಲ್ಲ.
ಕಲ್ಲಿನ ಧೂಳಿಗೆ ಸೆರಗು ಮಾರಿಗೆ,
ಸೆರಗಿನ ಗಂಟಿನಾಗ ಚೀಟಿ.

ರಾತ್ರಿ ರೊಟ್ಟಿ ಬಡದು ಮುಗಿಸಿ
ಒಲಿ ಮ್ಯಾಲ ಚಾಕ್ಕ ನೀರಿಟ್ಟಿದ್ದೆ.
ಒಳಗಿಂದ ಕೂಗಿದಳು:
‘ಚಾ ಇಳಿಸು.
ಗೋಲಿ ನುಂಗು.’